ಕಾರಿನ ಎಂಜಿನ್ ಬಿಸಿಯಾದಾಗ: ಗಾಬರಿಯೂ ಬೇಡ, ಅವಸರವೂ ಬೇಡ



ಸಂಘದ ಲೆಕ್ಕ ಪುಸ್ತಕ ಬರೆಯುವುದು ಹೇಗೆ, ಬ್ಯಾಂಕಿನಲ್ಲಿ ಸಾಲ ಕೇಳುವುದು ಹೇಗೆ, ಹಪ್ಪಳ ಉಪ್ಪಿನಕಾಯಿ ಕೆಡದಂತೆ ಪ್ಯಾಕ್ ಮಾಡುವುದು ಹೇಗೆ ಎಂದೆಲ್ಲ ನಾವು ಸಭೆಗಳಲ್ಲಿ ಮಾತಾಡುತ್ತೇವೆ. ಈ ಸಲ ಸ್ವಲ್ಪ ಬೇರೆ ವಿಷಯ. ಹಳೆಯ ಕಾರಿನ ಎಂಜಿನ್ ಬಿಸಿಯಾದರೆ ಏನು ಮಾಡಬೇಕು ಎನ್ನುವುದು ಈ ಪಾಠ.

"ಅದು ಗಂಡಸರ ವಿಷಯ ಅಲ್ವಾ, ನಮಗ್ಯಾಕೆ?" ಎಂದು ನೀವು ಕೇಳಬಹುದು. ನಾವೂ ಮೊದಲು ಹಾಗೇ ಅಂದುಕೊಂಡಿದ್ದೆವು. ಆದರೆ ಇವತ್ತು ಎಷ್ಟೋ ಸಂಘಗಳ ಮಾಲು ಪೇಟೆಗೆ ಹೋಗುವುದು ಹಳೇ ಕಾರಿನಲ್ಲಿ, ಹಳೇ ವ್ಯಾನಿನಲ್ಲಿ. ಮಾರುತಿ 800 ಮತ್ತು ಅಂಬಾಸಿಡರ್ ಎರಡೂ 2014ರಲ್ಲೇ ತಯಾರಾಗುವುದು ನಿಂತವು, ಓಮ್ನಿ 2019ರಲ್ಲಿ ನಿಂತಿತು. ಆದರೂ ನಮ್ಮ ಊರುಗಳಲ್ಲಿ ಅವು ಇನ್ನೂ ಓಡುತ್ತಿವೆ. ಕಡಿಮೆ ದುಡ್ಡಿಗೆ ಸಿಗುತ್ತವೆ ಎಂದು ನಾವು ಕೊಳ್ಳುತ್ತೇವೆ. ಅದಕ್ಕೆ ಸುರಿಯುವ ದುಡ್ಡು ಸಂಘದ್ದು, ಅದರಲ್ಲಿ ಕೂರುವವರೂ ನಾವೇ. ಹಾಗಿದ್ದ ಮೇಲೆ ಅದರ ಕಾಯಿಲೆ ನಮಗೆ ತಿಳಿಯಬೇಡವೇ?

ನಮಗೆ ಆದದ್ದು

ನಮ್ಮ ಒಕ್ಕೂಟ ಒಂದು ಹಳೇ ಮಾರುತಿ 800 ಕೊಂಡಿತ್ತು. ಒಂದು ಮಾರ್ಚ್ ತಿಂಗಳು, ಮೂಡಿಗೆರೆ ಕಡೆ ಮಾರಾಟ ಮೇಳಕ್ಕೆಂದು ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ನಾವು ನಾಲ್ಕು ಜನ, ಡಿಕ್ಕಿ ತುಂಬ ಹಪ್ಪಳ, ಕಾಲ ಬುಡದಲ್ಲೂ ಉಪ್ಪಿನಕಾಯಿ ಡಬ್ಬ. ಗಾಡಿ ಬಿಡುತ್ತಿದ್ದವನು ನಮ್ಮ ಸದಸ್ಯೆಯೊಬ್ಬರ ಮಗ. ಒಂದು ವಾರದಿಂದ ಬಿಸಿ ತೋರಿಸುವ ಮುಳ್ಳು ಸ್ವಲ್ಪ ಸ್ವಲ್ಪ ಮೇಲೆ ಬರುತ್ತಿತ್ತು. ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಹಾಕಿ "ಸರಿ ಹೋಯ್ತು" ಅಂದುಕೊಳ್ಳುತ್ತಿದ್ದೆವು. ನೀರು ಎಲ್ಲಿ ಹೋಗುತ್ತಿದೆ ಎಂದು ಯಾರೂ ಕೇಳಲಿಲ್ಲ.

ಅರ್ಧ ಘಾಟಿಯಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟಿತು. "ಇನ್ನೇನು ಸ್ವಲ್ಪ ದೂರ, ಮೇಲೆ ಹೋಗಿ ನಿಲ್ಲಿಸೋಣ" ಅಂದೆವು. ಇನ್ನೊಂದು ತಿರುವು ದಾಟುವಷ್ಟರಲ್ಲಿ ಬಾನೆಟ್ ಸಂದಿಯಿಂದ ಹಬೆ ಬಂತು. ಗಾಡಿ ನಿಂತಿತು. ಮೇಳಕ್ಕೆ ಹೊತ್ತಾಗುತ್ತದೆ ಎಂಬ ಅವಸರ. ನಮ್ಮಲ್ಲೇ ಧೈರ್ಯಸ್ಥೆಯಾದ ಅಕ್ಕ ಒಬ್ಬರು ಸೆರಗನ್ನು ಕೈಗೆ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳ ತಿರುಗಿಸಿಯೇ ಬಿಟ್ಟರು. ಕುದಿಯುವ ನೀರು ಕಾರಂಜಿಯ ಹಾಗೆ ಹಾರಿ ಅವರ ಮುಂಗೈಗೆ ಬಿತ್ತು. ಮುಖ ಪಕ್ಕಕ್ಕೆ ಇದ್ದದ್ದು ಪುಣ್ಯ. ಆಮೇಲೆ ಮೂರು ವಾರ ಅವರು ಹಪ್ಪಳ ಲಟ್ಟಿಸಲಿಲ್ಲ. ಆ ದುಡಿಮೆಯೂ ಹೋಯಿತು, ಮೇಳದ ವ್ಯಾಪಾರವೂ ಹೋಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ ಎಂಬ ಭಾಗವನ್ನು ಕಿತ್ತು ಬಿಸಾಡಿ "ಇನ್ನು ಬಿಸಿಯೇ ಆಗಲ್ಲ" ಅಂದರು. ಎರಡು ವಾರಕ್ಕೆ ಮತ್ತೆ ಕುದಿಯಿತು. ಅಷ್ಟರಲ್ಲಿ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ಕೊನೆಗೆ ವಯಸ್ಸಾದ ಮೇಸ್ತ್ರಿಯೊಬ್ಬರು ರೇಡಿಯೇಟರಿಗೆ ಕೈಪಂಪಿನಿಂದ ಗಾಳಿ ಒತ್ತಡ ಕೊಟ್ಟು ನೋಡಿದರು. ಹತ್ತೇ ನಿಮಿಷ. ಕೆಳಗಿನ ರಬ್ಬರ್ ಪೈಪು ಕ್ಲಿಪ್ಪಿನ ಅಡಿಯಲ್ಲಿ ಸೀಳಿತ್ತು! ಗಾಡಿ ನಿಂತಾಗ ಸೋರುತ್ತಿರಲಿಲ್ಲ, ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಸೋರುತ್ತಿತ್ತು. ಗೇಣುದ್ದದ ಪೈಪನ್ನು ಮೊದಲೇ ನೋಡಿದ್ದರೆ ಎಂಜಿನ್ ಬಿಚ್ಚಿಸುವ ಖರ್ಚು ಬರುತ್ತಿರಲಿಲ್ಲ. ಅದು ನಮ್ಮ ಸದಸ್ಯೆಯರ ವಾರ ವಾರದ ಉಳಿತಾಯದ ದುಡ್ಡು.

ನಮಗೆ ಬಂದ ಕಷ್ಟ ನಿಮಗೆ ಬಾರದಿರಲಿ ಎಂದು ಈ ಪಾಠ ಬರೆಯುತ್ತಿದ್ದೇವೆ.

ಎಂಜಿನ್ ಬಿಸಿಯಾಗುವುದು ಯಾಕೆ?

ಎಂಜಿನ್ ಎಂದರೆ ಒಳಗೆ ಬೆಂಕಿ ಉರಿಯುವ ಒಲೆ. ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಮೂರನೇ ಒಂದು ಪಾಲೂ ಕಷ್ಟ. ಉಳಿದದ್ದು ಬರೀ ಬಿಸಿ. ಅದರಲ್ಲಿ ಸ್ವಲ್ಪ ಸೈಲೆನ್ಸರಿನ ಹೊಗೆಯಲ್ಲಿ ಹೋಗುತ್ತದೆ. ಇನ್ನುಳಿದ ಬಿಸಿಯನ್ನು ಹೊರಗೆ ಹಾಕುವುದು ನೀರಿನ ಕೆಲಸ.

ನೀರು ಎಂಜಿನ್ ಸುತ್ತ ಹರಿದು ಬಿಸಿ ಹೀರುತ್ತದೆ. ಮೇಲಿನ ರಬ್ಬರ್ ಪೈಪಿನಿಂದ ರೇಡಿಯೇಟರಿಗೆ ಬರುತ್ತದೆ. ರೇಡಿಯೇಟರಿನ ಸಣ್ಣ ಸಣ್ಣ ಕೊಳವೆಗಳಲ್ಲಿ ಇಳಿಯುವಾಗ ಗಾಳಿ ತಾಗಿ ತಣಿಯುತ್ತದೆ. ಕೆಳಗಿನ ಪೈಪಿನಿಂದ ಮತ್ತೆ ಎಂಜಿನ್ನಿಗೆ ಹೋಗುತ್ತದೆ. ಈ ಸುತ್ತಾಟಕ್ಕೆ ಬೇಕಾದವರು ಐದು ಜನ:

1. ನೀರು, ಅಂದರೆ ಕೂಲೆಂಟ್ ಬೆರೆಸಿದ ನೀರು.
2. ನೀರು ತಳ್ಳುವ ವಾಟರ್ ಪಂಪ್. ಬಹಳ ಹಳೇ ಕಾರುಗಳಲ್ಲಿ ಇದನ್ನು ತಿರುಗಿಸುವುದು ರಬ್ಬರ್ ಬೆಲ್ಟ್.
3. ಗಾಳಿ ಎಳೆಯುವ ಫ್ಯಾನು. ಅಂಬಾಸಿಡರಿನಂಥ ಗಾಡಿಯಲ್ಲಿ ಬೆಲ್ಟಿನಿಂದ ತಿರುಗುತ್ತದೆ. ಮಾರುತಿ 800ರಂಥ ಗಾಡಿಯಲ್ಲಿ ಕರೆಂಟಿನ ಮೋಟಾರಿನಿಂದ ತಿರುಗುತ್ತದೆ.
4. ಥರ್ಮೋಸ್ಟಾಟ್. ಇದು ಬಾಗಿಲು ಕಾಯುವವನು. ಎಂಜಿನ್ ತಣ್ಣಗಿರುವಾಗ ಬಾಗಿಲು ಮುಚ್ಚಿರುತ್ತಾನೆ. ಸುಮಾರು 82 ಡಿಗ್ರಿ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತಾನೆ.
5. ರೇಡಿಯೇಟರಿನ ಮುಚ್ಚಳ.

ಮುಚ್ಚಳ ಅಂದರೆ ಏನು ಮಹಾ ಎಂದು ಕೇಳಬೇಡಿ. ನಮ್ಮ ಪ್ರೆಷರ್ ಕುಕ್ಕರನ್ನು ನೆನಪು ಮಾಡಿಕೊಳ್ಳಿ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಕುಕ್ಕರಿನಲ್ಲಿ ಒತ್ತಡ ಇರುವುದರಿಂದ ಇನ್ನೂ ಹೆಚ್ಚು ಬಿಸಿಯಾದ ಮೇಲೆ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳವೂ ಹಾಗೇ. ಸಣ್ಣ ಕಾರುಗಳ ಮುಚ್ಚಳ ಸಾಮಾನ್ಯವಾಗಿ ಒಂದು ಚದರ ಸೆಂಟಿಮೀಟರಿಗೆ 0.9 ಕಿಲೋ ಒತ್ತಡ ತಡೆಯುತ್ತದೆ. ಆಗ ನೀರು ಸುಮಾರು 120 ಡಿಗ್ರಿವರೆಗೆ ಕುದಿಯದೆ ನಿಲ್ಲುತ್ತದೆ. ಮುಚ್ಚಳದ ರಬ್ಬರ್ ಹೋದರೆ ಈ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿಯುತ್ತದೆ. ಘಟ್ಟದ ಮೇಲೆ ಇನ್ನೂ ಬೇಗ. ಯಾಕೆಂದರೆ ಪ್ರತಿ 300 ಮೀಟರ್ ಎತ್ತರಕ್ಕೆ ನೀರು ಕುದಿಯುವ ಬಿಸಿ ಸುಮಾರು 1 ಡಿಗ್ರಿ ಇಳಿಯುತ್ತದೆ. ಮಡಿಕೇರಿಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ.

ಈಗ ನಮ್ಮ ಅಕ್ಕನ ಕೈ ಯಾಕೆ ಸುಟ್ಟಿತು ಎಂಬುದು ನಿಮಗೆ ಅರ್ಥ ಆಗಿರಬೇಕು. ಒಳಗೆ 100 ಡಿಗ್ರಿ ದಾಟಿದ ನೀರು ಒತ್ತಡದಲ್ಲಿ ಸುಮ್ಮನೆ ನಿಂತಿತ್ತು. ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಯಿತು, ನೀರೆಲ್ಲ ಒಮ್ಮೆಲೇ ಕುದಿದು ಹಾರಿತು. ಸೀಟಿ ಇಳಿಯದ ಕುಕ್ಕರನ್ನು ನಾವು ಯಾರೂ ತೆಗೆಯುವುದಿಲ್ಲ. ಕಾರಿನ ಮುಂದೆ ನಿಂತಾಗ ಮಾತ್ರ ಆ ಬುದ್ಧಿ ಮರೆತುಹೋಯಿತು.

ದಾರಿಯಲ್ಲಿ ಮುಳ್ಳು ಮೇಲೇರಿದರೆ

ಹಬೆ ಇಲ್ಲ, ಮುಳ್ಳು ಮಾತ್ರ ಏರುತ್ತಿದೆ ಅಂದಾಗ:

* ಎಸಿ ಇದ್ದರೆ ಮೊದಲು ಆಫ್ ಮಾಡಿಸಿ.
* ಹೀಟರ್ ಇರುವ ಗಾಡಿಯಾದರೆ ಅದನ್ನು ಪೂರ್ತಿ ಆನ್ ಮಾಡಿ, ಕಿಟಕಿ ಇಳಿಸಿ. ಕೂತವರಿಗೆ ಸೆಕೆಯಾಗುತ್ತದೆ ನಿಜ, ಆದರೆ ಎಂಜಿನ್ನಿನ ಬಿಸಿ ಸ್ವಲ್ಪ ಹೊರಗೆ ಬರುತ್ತದೆ.
* ಪೇಟೆಯ ಜಾಮಿನಲ್ಲಿ ಸಿಕ್ಕಿಕೊಂಡಿದ್ದರೆ ನ್ಯೂಟ್ರಲ್ ಮಾಡಿ ಸ್ವಲ್ಪ ಆಕ್ಸಿಲೇಟರ್ ಕೊಡಬಹುದು. ಪಂಪು ಜೋರಾಗಿ ತಿರುಗಿ ನೀರು ಓಡುತ್ತದೆ.
* ಒಂದೆರಡು ನಿಮಿಷದಲ್ಲಿ ಮುಳ್ಳು ಇಳಿಯದಿದ್ದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ.

ಮುಳ್ಳು ಕೆಂಪಿಗೆ ಬಂದಿದ್ದರೆ ಅಥವಾ ಹಬೆ ಕಂಡರೆ:

1. ಕೂಡಲೇ ಪಕ್ಕಕ್ಕೆ ನಿಲ್ಲಿಸಿ. "ಇನ್ನು ಎರಡೇ ಕಿಲೋಮೀಟರ್" ಎಂಬ ಮಾತು ಬೇಡ. ನಮ್ಮ ಗಾಡಿಯ ಗ್ಯಾಸ್ಕೆಟ್ ಹಾಳಾದದ್ದು ಆ ಮಾತಿನಿಂದಲೇ.
2. ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಘಾಟಿಯಾದರೆ ಚಕ್ರಕ್ಕೆ ಕಲ್ಲು ಇಡಿ.
3. ಮಕ್ಕಳನ್ನು, ವಯಸ್ಸಾದವರನ್ನು ಗಾಡಿಯಿಂದ ಇಳಿಸಿ ರಸ್ತೆಯಿಂದ ದೂರ ಕೂರಿಸಿ.
4. ಜೋರು ಹಬೆ ಬರುತ್ತಿದ್ದರೆ ಬಾನೆಟ್ ತೆರೆಯಬೇಡಿ. ಹಬೆ ಕಡಿಮೆಯಾದ ಮೇಲೆ ತೆರೆಯಿರಿ.
5. ಕನಿಷ್ಠ ಅರ್ಧ ಗಂಟೆ ಕಾಯಿರಿ. ಬಿಸಿಲು ಇದ್ದರೆ ಇನ್ನೂ ಹೆಚ್ಚು.
6. ಕೊತಕೊತ ಬಿಸಿಯಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ. ಒಲೆಯ ಮೇಲಿನ ಗಾಜಿನ ಪಾತ್ರೆಗೆ ತಣ್ಣೀರು ಬಿದ್ದ ಹಾಗೆ, ಲೋಹ ಬಿರುಕು ಬಿಡಬಹುದು.
7. ಸೆರಗು, ದುಪಟ್ಟಾ, ಜಡೆ ಫ್ಯಾನಿನ ಹತ್ತಿರ ಹೋಗದಂತೆ ಬಿಗಿಯಾಗಿ ಕಟ್ಟಿಕೊಳ್ಳಿ. ಕರೆಂಟ್ ಫ್ಯಾನು ಕೆಲವು ಗಾಡಿಗಳಲ್ಲಿ ಎಂಜಿನ್ ಆಫ್ ಆದ ಮೇಲೂ ತಾನಾಗಿ ತಿರುಗಲು ಶುರುವಾಗುತ್ತದೆ.
8. ಮೇಲಿನ ರಬ್ಬರ್ ಪೈಪನ್ನು ಮುಟ್ಟಿ ನೋಡಿ. ಕೈ ಇಟ್ಟುಕೊಳ್ಳುವಷ್ಟು ತಣಿದಿದ್ದರೆ, ಹಿಸುಕಿದಾಗ ಗಟ್ಟಿಯಾಗಿಲ್ಲದಿದ್ದರೆ ಮಾತ್ರ ಮುಚ್ಚಳಕ್ಕೆ ಕೈ ಹಾಕಿ.
9. ದಪ್ಪ ಬಟ್ಟೆಯನ್ನು ಮಡಚಿ ಮುಚ್ಚಳದ ಮೇಲೆ ಇಡಿ. ಮುಖ ದೂರ ಇರಲಿ. ಮೊದಲು ಕಾಲು ಸುತ್ತು ಮಾತ್ರ ತಿರುಗಿಸಿ ನಿಲ್ಲಿಸಿ. ಸುಯ್ ಎಂಬ ಸದ್ದು ಪೂರ್ತಿ ನಿಂತ ಮೇಲೆ ಒತ್ತಿ ತಿರುಗಿಸಿ ತೆಗೆಯಿರಿ.
10. ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ದಾರಿಯಲ್ಲಿ ಕೂಲೆಂಟ್ ಇಲ್ಲದಿದ್ದರೆ ಕುಡಿಯುವ ನೀರಾದರೂ ಆದೀತು.

ಆಮೇಲೆ ಎಂಜಿನ್ ಚಾಲೂ ಮಾಡಿ ಎಲ್ಲಿ ಸೋರುತ್ತದೆ ನೋಡಿ. ನೀರು ಧಾರೆಯಾಗಿ ಹೋಗುತ್ತಿದ್ದರೆ ಗಾಡಿ ಓಡಿಸಬೇಡಿ, ಬೇರೆ ಗಾಡಿಯಲ್ಲಿ ಎಳೆಸಿ. ಸೋರಿಕೆ ಇಲ್ಲದಿದ್ದರೆ ನಿಧಾನವಾಗಿ, ಮುಳ್ಳಿನ ಮೇಲೆ ಕಣ್ಣಿಟ್ಟು, ಹತ್ತಿರದ ಗ್ಯಾರೇಜಿಗೆ ಹೋಗಿ.

ಒಂದು ಎಚ್ಚರಿಕೆ. ಮೇಲೇರಿದ್ದ ಮುಳ್ಳು ಗಾಡಿ ಓಡುತ್ತಿರುವಾಗಲೇ ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ "ಅಬ್ಬಾ, ತಣ್ಣಗಾಯ್ತು" ಎಂದು ನಂಬಬೇಡಿ. ನೀರೆಲ್ಲ ಖಾಲಿಯಾದಾಗ, ಬಿಸಿ ಅಳೆಯುವ ಭಾಗಕ್ಕೆ ನೀರು ತಾಗದೆ, ಮುಳ್ಳು ಸುಳ್ಳು ಹೇಳುವುದುಂಟು. ಆಗಲೂ ನಿಲ್ಲಿಸಿ ನೋಡಲೇಬೇಕು.

ಸುಟ್ಟ ಗಾಯವಾದರೆ

ಬಳೆ, ಉಂಗುರ, ವಾಚು ಕೂಡಲೇ ತೆಗೆಯಿರಿ, ಆಮೇಲೆ ಊತ ಬಂದರೆ ತೆಗೆಯಲಾಗದು. ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಹರಿಯಲಿ. ಐಸ್ ಬೇಡ. ಟೂತ್‌ಪೇಸ್ಟ್, ತುಪ್ಪ, ಶಾಯಿ, ಅರಶಿನ ಯಾವುದನ್ನೂ ಹಚ್ಚಬೇಡಿ. ಗುಳ್ಳೆ ಒಡೆಯಬೇಡಿ. ಶುದ್ಧ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮುಖ, ಕಣ್ಣಿಗೆ ಬಿದ್ದಿದ್ದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ.

ಕಾಯಿಲೆ ಯಾವುದು? ಯಾವಾಗ ಬಿಸಿಯಾಗುತ್ತದೆ ನೋಡಿ

ಡಾಕ್ಟರು "ಜ್ವರ ಯಾವಾಗ ಬರುತ್ತದೆ?" ಎಂದು ಕೇಳುತ್ತಾರಲ್ಲ, ಹಾಗೇ ನಾವೂ ಕೇಳಬೇಕು.

ನಿಂತಲ್ಲಿ ಬಿಸಿಯಾಗುತ್ತದೆ, ಓಡುವಾಗ ಸರಿ ಹೋಗುತ್ತದೆ: ಫ್ಯಾನಿನ ಮೇಲೆ ಅನುಮಾನ. ಓಡುವಾಗ ಗಾಳಿ ತಾನಾಗಿ ಬರುತ್ತದೆ, ನಿಂತಾಗ ಫ್ಯಾನೇ ಗತಿ. ಕರೆಂಟ್ ಫ್ಯಾನಾದರೆ ಎಂಜಿನ್ ಚಾಲೂ ಇಟ್ಟು ಕಾಯಿರಿ. ಮುಳ್ಳು ಅರ್ಧ ದಾಟಿದ ಮೇಲೂ ಫ್ಯಾನು ತಿರುಗದಿದ್ದರೆ ಎಂಜಿನ್ ಆಫ್ ಮಾಡಿ ಮೊದಲು ಫ್ಯೂಸ್ ನೋಡಿಸಿ, ಆಮೇಲೆ ವೈರು, ರಿಲೇ, ಫ್ಯಾನ್ ಸ್ವಿಚ್ಚು, ಕೊನೆಗೆ ಮೋಟಾರು. ಫ್ಯೂಸಿಗೆ ಹೋಗುವುದು ಚಿಲ್ಲರೆ ಕಾಸು, ಮೋಟಾರಿಗೆ ದೊಡ್ಡ ಮೊತ್ತ. ಆದ್ದರಿಂದ ಈ ಕ್ರಮದಲ್ಲೇ ನೋಡಿಸಿ.

ಓಡುವಾಗ, ಘಾಟಿ ಹತ್ತುವಾಗ ಬಿಸಿಯಾಗುತ್ತದೆ, ನಿಂತಲ್ಲಿ ಸರಿ ಇದೆ: ನೀರು ಸಾಕಷ್ಟು ಹರಿಯುತ್ತಿಲ್ಲ ಅಥವಾ ತಣಿಯುತ್ತಿಲ್ಲ. ರೇಡಿಯೇಟರ್ ಹೊರಗೆ ಕೆಸರು, ಹುಳ, ಭತ್ತದ ಹೊಟ್ಟು ಕಟ್ಟಿಕೊಂಡಿರಬಹುದು. ಒಳಗೆ ಬಾವಿ ನೀರಿನ ಸುಣ್ಣ, ತುಕ್ಕು ಕಟ್ಟಿರಬಹುದು. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಹಕ್ಕಳೆ ಕಟ್ಟುವುದಿಲ್ಲವೇ, ಅದೇ.

ಚಾಲೂ ಮಾಡಿದ ಸ್ವಲ್ಪ ಹೊತ್ತಿಗೇ ಬಿಸಿಯಾಗುತ್ತದೆ: ನೀರು ಕಡಿಮೆ ಇರಬಹುದು, ಇಲ್ಲವೇ ಥರ್ಮೋಸ್ಟಾಟ್ ಮುಚ್ಚಿಕೊಂಡು ಕೂತಿರಬಹುದು. ನೀರು ತುಂಬಿದ್ದೂ, ಮುಳ್ಳು ಮೇಲೆ ಬಂದ ಮೇಲೂ, ರೇಡಿಯೇಟರಿಗೆ ಬರುವ ಮೇಲಿನ ಪೈಪು ತಣ್ಣಗೇ ಇದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ ಎಂದು ತಿಳಿಯಬಹುದು.

ಬಿಸಿಯ ಜೊತೆಗೆ ಬ್ಯಾಟರಿಯ ಕೆಂಪು ದೀಪವೂ ಹತ್ತುತ್ತದೆ: ಬೆಲ್ಟ್ ಕಡಿದಿರಬಹುದು ಅಥವಾ ಸಡಿಲ ಆಗಿರಬಹುದು. ಆಗ ಬ್ಯಾಟರಿ ಚಾರ್ಜೂ ಇಲ್ಲ, ನೀರಿನ ಪಂಪೂ ಇಲ್ಲ. ಕೂಡಲೇ ನಿಲ್ಲಿಸಿ.

ತಣ್ಣಗಿರುವ ಗಾಡಿಗೆ ಕೀ ತಿರುಗಿಸಿದ ಕೂಡಲೇ ಮುಳ್ಳು ಕೆಂಪಿಗೆ ಹೋಗುತ್ತದೆ: ಎಂಜಿನ್ನಿನ ತಪ್ಪಲ್ಲ. ಮೀಟರಿನ ವೈರು ಅಥವಾ ಬಿಸಿ ಅಳೆಯುವ ಸೆನ್ಸರ್ ಕೆಟ್ಟಿದೆ.

ನೀರು ಕಡಿಮೆಯಾಗುತ್ತದೆ, ಹೊರಗೆ ಸೋರಿಕೆ ಕಾಣುವುದಿಲ್ಲ: ಇದು ಹೆಡ್ ಗ್ಯಾಸ್ಕೆಟ್ಟಿನ ಲಕ್ಷಣ ಆಗಿರಬಹುದು. ಇನ್ನೂ ನಾಲ್ಕು ಗುರುತು ನೋಡಿ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆಯೇ? ಹೊಗೆಗೆ ಸಿಹಿ ವಾಸನೆ ಇದೆಯೇ? ಎಂಜಿನ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದೆಯೇ? ತಣ್ಣಗಿರುವಾಗ ಮುಚ್ಚಳ ತೆಗೆದು ಚಾಲೂ ಮಾಡಿದರೆ ನೀರಿನಲ್ಲಿ ಬಿಡದೆ ಗುಳ್ಳೆ ಏಳುತ್ತದೆಯೇ? ಹೀಗಿದ್ದರೆ ಗಾಡಿ ಮತ್ತೆ ಓಡಿಸಬೇಡಿ. ಬಹಳ ಕಾರುಗಳ ಹೆಡ್ ಅಲ್ಯೂಮಿನಿಯಂ, ಬಿಸಿಗೆ ಅದು ಬಾಗುತ್ತದೆ. ಆಮೇಲೆ ಖರ್ಚು ಎರಡು ಪಾಲು. ಆದರೆ ಚಳಿಗಾಲದ ಬೆಳಿಗ್ಗೆ ಐದು ನಿಮಿಷ ಬಿಳಿ ಹಬೆ ಬಂದು ನಿಂತರೆ ಹೆದರಬೇಡಿ. ಅದು ಬರೀ ತೇವ.

ಇಷ್ಟೇ ಅಲ್ಲದೆ ಎಂಜಿನ್ ಆಯಿಲ್ ಕಡಿಮೆ ಇದ್ದರೂ, ಬ್ರೇಕ್ ಹಿಡಿದುಕೊಂಡಿದ್ದರೂ, ಇಗ್ನಿಷನ್ ಟೈಮಿಂಗ್ ತಪ್ಪಿದ್ದರೂ, ಮಿತಿ ಮೀರಿ ಲೋಡ್ ಹಾಕಿದರೂ ಎಂಜಿನ್ ಬಿಸಿಯಾಗುತ್ತದೆ. ನಾವು ನಾಲ್ಕು ಜನರ ಗಾಡಿಗೆ ಐದು ಜನರ ಜೊತೆ ಇಡೀ ಅಂಗಡಿಯನ್ನೇ ತುಂಬುತ್ತಿದ್ದೆವು!

ನಾವೇ ಮಾಡಬಹುದಾದ ಪರೀಕ್ಷೆಗಳು

ಇವನ್ನೆಲ್ಲ ಗಾಡಿ ತಣ್ಣಗಿರುವಾಗ, ಬೆಳಿಗ್ಗೆ ಮಾಡಿ.

ಕಾಗದದ ಪರೀಕ್ಷೆ: ರಾತ್ರಿ ಎಂಜಿನ್ ಅಡಿಗೆ ಹಳೇ ರಟ್ಟು ಅಥವಾ ಪೇಪರ್ ಹಾಸಿ. ಬೆಳಿಗ್ಗೆ ಹಸಿರು, ಕೆಂಪು ಅಥವಾ ತುಕ್ಕು ಬಣ್ಣದ ಕಲೆ ಇದ್ದರೆ ಅದರ ನೇರ ಮೇಲೆ ಸೋರಿಕೆ ಹುಡುಕಿ. ಎಸಿ ಹಾಕಿದಾಗ ಬೀಳುವ ತಿಳಿ ನೀರು ಸೋರಿಕೆ ಅಲ್ಲ. ನಮ್ಮ ಗಾಡಿಯ ಹಾಗೆ ಬಿಸಿಯಾದಾಗ ಮಾತ್ರ ಸೋರುವುದೂ ಉಂಟು. ಅದಕ್ಕೆ ಗ್ಯಾರೇಜಿನಲ್ಲಿ ಪ್ರೆಷರ್ ಟೆಸ್ಟ್ ಕೇಳಿ.

ಪೈಪಿನ ಪರೀಕ್ಷೆ: ರಬ್ಬರ್ ಪೈಪುಗಳನ್ನು ಹಿಸುಕಿ ನೋಡಿ. ತೀರಾ ಮೆತ್ತಗಾಗಿದ್ದರೆ, ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ಉಬ್ಬಿದ್ದರೆ ಬದಲಾಯಿಸಿ. ಕ್ಲಿಪ್ಪುಗಳ ಹತ್ತಿರ ಒಣಗಿದ ಬಿಳಿ ಅಥವಾ ಹಸಿರು ಕಲೆ ಇದ್ದರೆ ಅಲ್ಲಿ ಸೋರಿದೆ ಎಂದು ಅರ್ಥ.

ಬೆಲ್ಟಿನ ಪರೀಕ್ಷೆ: ಎಂಜಿನ್ ಆಫ್ ಇರುವಾಗ ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತಿ. ಸುಮಾರು ಬೆರಳಿನ ದಪ್ಪದಷ್ಟು ಒಳಗೆ ಹೋಗಬೇಕು. ಜೋತಾಡಬಾರದು. ಬಿರುಕು, ನೂಲು ಎದ್ದದ್ದು ಕಂಡರೆ ಬದಲಾಯಿಸಬೇಕು.

ಥರ್ಮೋಸ್ಟಾಟಿನ ಪರೀಕ್ಷೆ: ಇದು ನಮಗೆ ಬಹಳ ಖುಷಿ ಕೊಟ್ಟ ಪರೀಕ್ಷೆ, ಯಾಕೆಂದರೆ ಒಲೆಯ ಮೇಲೆ ಮಾಡುವುದು. ಮೆಕ್ಯಾನಿಕ್ ಬಿಚ್ಚಿಕೊಟ್ಟ ಥರ್ಮೋಸ್ಟಾಟನ್ನು ನೂಲಿನಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ನೀರಿನ ಪಾತ್ರೆಯಲ್ಲಿ ಇಳಿಬಿಡಿ. ನೀರು ಕಾಯಿಸಿ. ನೀರು ಕುದಿಯುವಷ್ಟರಲ್ಲಿ ಅದು ಚೆನ್ನಾಗಿ ಬಾಯಿ ತೆರೆದಿರಬೇಕು. ಹೊರಗೆ ತೆಗೆದು ತಣಿಸಿದರೆ ಪೂರ್ತಿ ಮುಚ್ಚಬೇಕು. ಹಾಗೆ ಮಾಡಿದರೆ ಅದು ಚೆನ್ನಾಗಿದೆ, ಹೊಸತು ಬೇಡ. ಆ ಪಾತ್ರೆಯನ್ನು ಮಾತ್ರ ಮತ್ತೆ ಅಡುಗೆಗೆ ಬಳಸಬೇಡಿ.

ಥರ್ಮೋಸ್ಟಾಟ್ ಕಿತ್ತು ಹಾಕಬಹುದೇ?

"ನಮ್ಮದು ಸೆಕೆ ಊರು, ಇದು ಬೇಕಿಲ್ಲ" ಎಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಅದಿಲ್ಲದಿದ್ದರೆ ಎಂಜಿನ್ ಬೇಕಾದ ಬಿಸಿಗೆ ಬೇಗ ಬರುವುದಿಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಒಳಗಿನ ಭಾಗಗಳು ಬೇಗ ಸವೆಯುತ್ತವೆ. ಎಲ್ಲಕ್ಕಿಂತ ದೊಡ್ಡ ನಷ್ಟ ಎಂದರೆ ನಿಜವಾದ ಕಾಯಿಲೆ ಅಡಗಿ ಕೂರುತ್ತದೆ. ಜ್ವರದ ಮಾತ್ರೆ ಕೊಟ್ಟು ಗಾಯ ನೋಡದೆ ಬಿಟ್ಟ ಹಾಗೆ. ಕೆಟ್ಟಿದ್ದರೆ ಹೊಸತು ಹಾಕಿಸಿ, ಚೆನ್ನಾಗಿದ್ದರೆ ಅಲ್ಲೇ ಇರಲಿ.

ನೀರಾ, ಕೂಲೆಂಟಾ?

"ನಮ್ಮಲ್ಲಿ ಹಿಮ ಬೀಳುತ್ತಾ? ಕೂಲೆಂಟ್ ಯಾಕೆ?" ಎಂಬ ಪ್ರಶ್ನೆ ನಮ್ಮ ಸಭೆಯಲ್ಲೂ ಬಂತು. ಕೂಲೆಂಟ್ ಬರೀ ಹಿಮಕ್ಕಲ್ಲ. ಅದು ಒಳಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುತ್ತದೆ, ನೀರು ಕುದಿಯುವ ಬಿಸಿಯನ್ನು ಇನ್ನೂ ಸ್ವಲ್ಪ ಮೇಲೆ ಒಯ್ಯುತ್ತದೆ. ಅಂಗಡಿಯಲ್ಲಿ ಕೆಲವು ನೇರ ಹಾಕುವಂಥವು, ಕೆಲವು ನೀರು ಬೆರೆಸುವಂಥವು ಸಿಗುತ್ತವೆ. ಡಬ್ಬದ ಮೇಲೆ ಓದಿ ನೋಡಿ. ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಳ್ಳೆಯದು. ಗಡಸು ಬೋರ್‌ವೆಲ್ ನೀರು ಬೇಡ. ಬೇರೆ ಬೇರೆ ಜಾತಿಯ ಕೂಲೆಂಟ್ ಒಂದಕ್ಕೊಂದು ಬೆರೆಸಬೇಡಿ.

ಬಹಳ ಮುಖ್ಯವಾದ ಮಾತು: ಸಾಮಾನ್ಯವಾಗಿ ಸಿಗುವ ಕೂಲೆಂಟ್ ವಿಷ. ರುಚಿ ಸಿಹಿ, ಬಣ್ಣ ಶರಬತ್ತಿನ ಹಾಗೆ. ಮಕ್ಕಳು ಕುಡಿಯಬಹುದು, ನಾಯಿ, ದನ ನೆಕ್ಕಬಹುದು. ಪ್ರಾಣಕ್ಕೇ ಅಪಾಯ. ಜ್ಯೂಸಿನ ಬಾಟಲಿಯಲ್ಲಿ ತುಂಬಿಡಬೇಡಿ. ನೆಲಕ್ಕೆ ಚೆಲ್ಲಿದ್ದರೆ ಬಟ್ಟೆಯಲ್ಲಿ ಒರೆಸಿ, ಜಾಗ ತೊಳೆಯಿರಿ. ಯಾರಾದರೂ ಕುಡಿದರೆ ಆರಾಮಾಗಿ ಕಂಡರೂ ಕಾಯದೆ, ಡಬ್ಬ ಸಮೇತ ಆಸ್ಪತ್ರೆಗೆ ಹೋಗಿ.

ಗ್ಯಾರೇಜಿಗೆ ಹೋದಾಗ

ಗೊತ್ತಿಲ್ಲದವರ ಹಾಗೆ ನಿಂತರೆ ಖರ್ಚು ಹೆಚ್ಚು. ಜಗಳವೂ ಬೇಡ, ಅನುಮಾನವೂ ಬೇಡ. ಒಳ್ಳೆಯ ಮೆಕ್ಯಾನಿಕ್ಕಿಗೆ ನಮ್ಮ ಪ್ರಶ್ನೆಗಳಿಂದ ಸಹಾಯವೇ ಆಗುತ್ತದೆ. ಈಗ ನಾವು ಹೀಗೆ ಮಾಡುತ್ತೇವೆ:

* ಬಿಸಿಯಾದದ್ದು ಯಾವಾಗ, ಎಷ್ಟು ದೂರ ಓಡಿದ ಮೇಲೆ, ಎಷ್ಟು ನೀರು ಹಿಡಿಯಿತು ಎಂದು ಬರೆದ ಚೀಟಿ ಕೊಡುತ್ತೇವೆ.
* "ಅಣ್ಣಾ, ಮೊದಲು ಮುಚ್ಚಳ, ಪೈಪು, ಬೆಲ್ಟು, ಫ್ಯೂಸು ನೋಡಿ. ಆಮೇಲೆ ಥರ್ಮೋಸ್ಟಾಟ್. ರೇಡಿಯೇಟರ್, ಪಂಪು ಅದರ ನಂತರ. ಎಂಜಿನ್ ಬಿಚ್ಚುವುದು ಕೊನೆಗೆ" ಎಂದು ಹೇಳುತ್ತೇವೆ.
* ಬಿಚ್ಚುವ ಮೊದಲು ಅಂದಾಜು ಖರ್ಚು ಬರೆಸಿಕೊಳ್ಳುತ್ತೇವೆ. ಅದಕ್ಕಿಂತ ಜಾಸ್ತಿ ಆಗುವುದಾದರೆ ಫೋನ್ ಮಾಡಿ ಕೇಳಬೇಕು ಎನ್ನುತ್ತೇವೆ.
* ತೆಗೆದ ಹಳೇ ಸಾಮಾನು ಮತ್ತು ಹೊಸ ಸಾಮಾನಿನ ಬಿಲ್ಲು ಕೇಳಿ ತರುತ್ತೇವೆ.

ಗಾಡಿಗೂ ಒಂದು ಪುಸ್ತಕ

ಸಂಘದ ಲೆಕ್ಕಕ್ಕೆ ಪುಸ್ತಕ ಇದೆ, ಗಾಡಿಗೆ ಯಾಕೆ ಬೇಡ? ಒಂದು ಸಣ್ಣ ನೋಟ್‌ಬುಕ್ ಸಾಕು. ವಾರಕ್ಕೊಮ್ಮೆ ಗಾಡಿ ತಣ್ಣಗಿರುವಾಗ ನೀರಿನ ಡಬ್ಬದ ಮಟ್ಟ ಮೇಲಿನ ಗೆರೆ ಮತ್ತು ಕೆಳಗಿನ ಗೆರೆಯ ನಡುವೆ ಇದೆಯೇ, ಎಂಜಿನ್ ಆಯಿಲ್ ಎಷ್ಟಿದೆ, ಬೆಲ್ಟು, ಪೈಪು ಹೇಗಿವೆ ಎಂದು ಬರೆಯಿರಿ. ನೀರು ಹಾಕಿದರೆ ಎಷ್ಟು ಹಾಕಿದಿರಿ ಎಂದೂ ಬರೆಯಿರಿ. ನಾವು ದಿನಾ ಒಂದು ಚೊಂಬು ಹಾಕಿದ್ದನ್ನು ಬರೆದಿಟ್ಟಿದ್ದರೆ, ವಾರಕ್ಕೆ ಏಳು ಚೊಂಬು ನೀರು ಎಲ್ಲಿ ಹೋಯಿತು ಎಂದು ಯಾರಾದರೂ ಒಬ್ಬರು ಕೇಳುತ್ತಿದ್ದರು. ಲೆಕ್ಕ ಬರೆದಾಗ ಸೋರಿಕೆ ಕಣ್ಣಿಗೆ ಕಾಣುತ್ತದೆ. ಉಳಿತಾಯದ ದುಡ್ಡಿಗೂ ಇದೇ ಮಾತು, ರೇಡಿಯೇಟರಿನ ನೀರಿಗೂ ಇದೇ ಮಾತು.

ಗಾಡಿಯಲ್ಲಿ ಯಾವಾಗಲೂ ಇರಲಿ: ಐದು ಲೀಟರ್ ನೀರು, ದಪ್ಪ ಬಟ್ಟೆ, ಟಾರ್ಚು, ಎರಡು ಫ್ಯೂಸು, ಒಂದು ಬೆಲ್ಟು, ಸ್ಕ್ರೂ ಡ್ರೈವರ್, ಚಕ್ರಕ್ಕೆ ಇಡಲು ಎರಡು ಮರದ ತುಂಡು, ಮೆಕ್ಯಾನಿಕ್ಕಿನ ಫೋನ್ ನಂಬರ್.

ನಮ್ಮ ಅಕ್ಕನ ಕೈ ಈಗ ವಾಸಿಯಾಗಿದೆ, ಕಲೆ ಮಾತ್ರ ಉಳಿದಿದೆ. ಗಾಡಿಯ ಪುಸ್ತಕ ಬರೆಯುವ ಜವಾಬ್ದಾರಿ ಅವರೇ ಕೇಳಿ ತೆಗೆದುಕೊಂಡಿದ್ದಾರೆ. ಘಾಟಿ ಹತ್ತುವ ದಿನ ಅವರು ಬಾನೆಟ್ ತೆರೆದು ನೋಡಿ "ಹೊರಡಿ" ಎಂದ ಮೇಲೆಯೇ ನಮ್ಮ ಹುಡುಗ ಕೀ ತಿರುಗಿಸುವುದು.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದ ಅಥವಾ ನಮ್ಮ ಮನೆಯ ಗಾಡಿಯ ಫ್ಯಾನು ಬೆಲ್ಟಿನದೋ, ಕರೆಂಟಿನದೋ? ಯಾರಿಗೆ ಗೊತ್ತು?
2. ಗಾಡಿ ನಿಂತಲ್ಲಿ ಬಿಸಿಯಾದರೆ ಮೊದಲು ಏನು ನೋಡಬೇಕು? ಘಾಟಿಯಲ್ಲಿ ಬಿಸಿಯಾದರೆ?
3. ಬಿಸಿ ರೇಡಿಯೇಟರಿನ ಮುಚ್ಚಳ ಯಾಕೆ ತೆಗೆಯಬಾರದು? ಕುಕ್ಕರಿನ ಉದಾಹರಣೆ ಕೊಟ್ಟು ಪಕ್ಕದವರಿಗೆ ವಿವರಿಸಿ.
4. ಅವಸರದಿಂದ ನಮ್ಮ ಸಂಘಕ್ಕೆ ನಷ್ಟವಾದ ಬೇರೆ ಸಂದರ್ಭ ಇದೆಯೇ? ಅದರಿಂದ ಏನು ಕಲಿತೆವು?

ಮಾಡಿ ನೋಡಿ: ಮುಂದಿನ ಸಭೆಯ ದಿನ ಒಂದು ಗಾಡಿಯನ್ನು ಬೆಳಿಗ್ಗೆ, ತಣ್ಣಗಿರುವಾಗ, ಅಂಗಳದಲ್ಲಿ ನಿಲ್ಲಿಸಿ. ಬಾನೆಟ್ ತೆರೆದು ರೇಡಿಯೇಟರ್, ಮೇಲಿನ ಪೈಪು, ಕೆಳಗಿನ ಪೈಪು, ಬೆಲ್ಟು, ನೀರಿನ ಡಬ್ಬ, ಆಯಿಲ್ ಕಡ್ಡಿ ಈ ಆರನ್ನು ಪ್ರತಿಯೊಬ್ಬ ಸದಸ್ಯೆಯೂ ಬೆರಳಿಟ್ಟು ತೋರಿಸಲಿ. ಅಷ್ಟು ಮಾಡಿದರೆ ಈ ಪಾಠ ಕಲಿತ ಹಾಗೆ.